ಕೂಗಿದ ಗೋಡೆ

ಎಲ್ಲ ಅವಾಂತರಕ್ಕೂ ಮೂಲ ಗೌಸ್‌ಪೀರ್ ಮೇಸ್ತ್ರಿಯ ಅಂಗಿಯ ಜೇಬು. ಅದರ ಬಾಯಿ ಅಗಲ, ಆಳ ಕಡಿಮೆ. ಪೆನ್ಸಿಲ್ ತುಂಡಿಟ್ಟರೂ ಬೀಡಿ ಕಟ್ಟಿಟ್ಟರೂ ಮೇಸ್ತ್ರಿ ಬಗ್ಗಿದ ಕೂಡಲೇ ಅವು ಬಸ್ಸಿನ ಕಿಟಕಿ ಪಕ್ಕ ಕೂತ ಮಕ್ಕಳ ಹಾಗೆ ಹೊರಗೆ ಕತ್ತು ಚಾಚುತ್ತಿದ್ದವು. ಆ ದಿನ ಬೆಳಗ್ಗೆ ಆ ಜೇಬಿನಲ್ಲಿ ಇದ್ದದ್ದು ಮೊಬೈಲ್ ಫೋನು.

ಫೋನು ಅಲ್ಲಿರಬಾರದಿತ್ತು. ಕೆಲಸದ ಜಾಗದಲ್ಲಿ ಫೋನ್ ಮುಟ್ಟಕೂಡದು ಎಂದು ನಿಯಮ ಮಾಡಿದವನೇ ಗೌಸ್‌ಪೀರ್. "ಗೋಡೆ ಕಟ್ಟಾಕೆ ಎರಡು ಕೈ, ಎರಡು ಕಣ್ಣು ಪೂರ್ತಿ ಬೇಕು. ಕಿವೀಗೆ ಫೋನ್ ಅಂಟಿಸ್ಕೊಂಡು ಕೆಲಸ ಮಾಡೋರು ನನ್ನ ಹತ್ರ ಬರಬ್ಯಾಡ್ರಿ" ಎಂದು ಜೊತೆಗಾರ ನಿಂಗರಾಜನ ಫೋನನ್ನು ಬುತ್ತಿ ಚೀಲಕ್ಕೆ ಹಾಕಿಸಿ, ಚೀಲವನ್ನು ಬೇವಿನ ಮರಕ್ಕೆ ನೇತುಹಾಕಿಸಿದ್ದ. ನಿಂಗರಾಜನೇನು ಎಳೆಯ ಹುಡುಗನಲ್ಲ, ಐವತ್ತು ದಾಟಿದ ಕಲ್ಲುಕುಟಿಗ. ಅವನ ಮಗಳಿಗೆ ಹೆರಿಗೆಯಾದ ಸುದ್ದಿ ಬೀದಿಗೆಲ್ಲ ಗೊತ್ತಾದ ಮೇಲೆ, ಊಟದ ಹೊತ್ತಿಗೆ ಅವನಿಗೆ ಗೊತ್ತಾಗಿತ್ತು. ಅದನ್ನವನು ಇನ್ನೂ ಮರೆತಿರಲಿಲ್ಲ.

ಆದರೆ ಇವತ್ತಿನ ಮಾತೇ ಬೇರೆ. ಜಗಳೂರು ಕಡೆಯ ಹಳೆಯ ಕಲ್ಲಿನ ಛತ್ರವೊಂದನ್ನು ಬಿಚ್ಚಿ, ಇದ್ದ ಹಾಗೆಯೇ ಮತ್ತೆ ಕಟ್ಟಿಸಬೇಕೆಂದು ಅಲ್ಲಿನ ಸಮಿತಿಯವರು ಮೇಸ್ತ್ರಿಯೊಬ್ಬನನ್ನು ಹುಡುಕುತ್ತಿದ್ದರು. ಸಮಿತಿಯ ಅಧ್ಯಕ್ಷರಾದ ಮರುಳಸಿದ್ದಪ್ಪನವರು ಈ ದಿನ ನ್ಯಾಮತಿಗೆ ಬಂದು ಗೌಸ್‌ಪೀರನ ಕೆಲಸವನ್ನು ಕಣ್ಣಾರೆ ನೋಡುವವರಿದ್ದರು. "ಹೊರಡಾಕೆ ಮುಂಚೆ ಫೋನ್ ಮಾಡ್ತೀನಿ, ಎತ್ರಿ" ಎಂದಿದ್ದರು. ಗೌಸ್‌ಪೀರನ ಅಪ್ಪ, ಅಜ್ಜ ಕಟ್ಟಿದ ಬಾವಿಗಳು, ಮನೆಗಳು ಹೊನ್ನಾಳಿ ಸುತ್ತ ಇನ್ನೂ ನಿಂತಿದ್ದವು. ಅವನ ಕಾಲಕ್ಕೆ ಉಳಿದದ್ದು ಬೇಲಿಗೆ ಕಲ್ಲುಕಂಬ ಒಡೆಯುವುದು, ಅಡುಗೆಮನೆಗೆ ಕಡಪ ಕಲ್ಲು ಕೂರಿಸುವುದು. ಅಂಥವನಿಗೆ ಇಡೀ ಒಂದು ಛತ್ರ! ರಾತ್ರಿ ಕನಸಿನಲ್ಲೂ ಅವನು ಅದರ ಕಂಬಗಳನ್ನು ನಿಲ್ಲಿಸುತ್ತಿದ್ದ. ಹಾಗಾಗಿ ನಿಂಗರಾಜನ ಕಣ್ಣು ತಪ್ಪಿಸಿ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೇಬಿಗಿಳಿಸಿದ್ದ.

ಅವನು ಕಟ್ಟುತ್ತಿದ್ದದ್ದು ನ್ಯಾಮತಿಯ ಹಳೇ ಪೇಟೆ ಬೀದಿಯಲ್ಲಿ ಜ್ಯೋತಿಲಕ್ಷ್ಮಿ ಟೀಚರ ಮನೆಯ ಗೋಡೆ. ಅವರ ಮುತ್ತಜ್ಜನ ಕಾಲದ ಕಲ್ಲಿನ ಮನೆ. ಬೀದಿ ಕಡೆಯ ಗೋಡೆ ವರ್ಷದಿಂದ ವರ್ಷಕ್ಕೆ ಹೊಟ್ಟೆ ಮುಂದೆ ಮಾಡಿಕೊಂಡು, ತುಂಬಿದ ಬಸುರಿಯ ಹಾಗೆ ನಿಂತಿತ್ತು. "ಕೆಡವಿ ಸಿಮೆಂಟ್ ಇಟ್ಟಿಗೆ ಕಟ್ಟಿಸ್ರಿ" ಎಂದು ಬೀದಿಗೆ ಬೀದಿಯೇ ಹೇಳಿತು. ಎಲ್ಲರಿಗಿಂತ ಜೋರಾಗಿ ಹೇಳಿದವನು ಪಕ್ಕದ ಓಂಕಾರ್. ಅವನದು ಸಿಮೆಂಟಿನ ಅಂಗಡಿ. ಟೀಚರು ಕೇಳಲಿಲ್ಲ. ಗೌಸ್‌ಪೀರ್ ಒಂದೊಂದು ಕಲ್ಲಿಗೂ ಗುರುತು ಹಾಕಿ ಇಳಿಸಿದ. ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿ ಕಷಾಯ ಸೇರಿಸಿ ಗಾರೆ ಅರೆದ. ಬಾಗಿಲ ಪಕ್ಕದ ಹಳೇ ಕಾಳಿನ ಗೂಡನ್ನೂ ಬಿಡದೆ, ಕಲ್ಲುಗಳನ್ನು ಅದದೇ ಜಾಗಕ್ಕೆ ಕೂರಿಸುತ್ತ ಬಂದು ಈಗ ಕಲ್ಲುಸಾಲಿನ ಕೊನೆಯ ವರಸೆಗೆ ಮುಟ್ಟಿದ್ದ.

ಇಂಥ ಹಳೇ ಗೋಡೆಗೆ ಎರಡು ಮುಖ. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು, ನಡುವೆ ಚೂರುಗಲ್ಲು. ಅಲ್ಲಲ್ಲಿ ಒಂದು ಉದ್ದನೆಯ ಕಲ್ಲು ಎರಡೂ ಮುಖಗಳನ್ನು ಕಚ್ಚಿ ಹಿಡಿಯುತ್ತದೆ. ಗೌಸ್‌ಪೀರ್ ಏಣಿಯ ಮೇಲೆ ನಿಂತು, ಬಗ್ಗಿ, ನಡುವಿನ ಸಂದಿಗೆ ಚೂರುಗಲ್ಲು ತುಂಬಿದ. ನಿಂಗರಾಜ ಹಾರೆ ಕೊಟ್ಟು ನೂಕಿದ. ಉದ್ದನೆಯ ಕಲ್ಲು ಕೂತಿತು. ಸುತ್ತಲೂ ಗಾರೆ ಮೆತ್ತಿ, ಮರದ ಕೊಡತಿಯಿಂದ ತಟ್ಟಿ, ಸಮಾಧಾನದಿಂದ ಪೆನ್ಸಿಲಿಗೆಂದು ಜೇಬಿಗೆ ಕೈ ಹಾಕಿದ.

ಪೆನ್ಸಿಲ್ ಇತ್ತು. ಪೆನ್ಸಿಲ್ ಮಾತ್ರ ಇತ್ತು.

ಮೇಸ್ತ್ರಿ ಏಣಿಯ ಕೆಳಗೆ ನೋಡಿದ. ಗಾರೆಯ ಬಾಣಲೆ ನೋಡಿದ. ಕೊನೆಗೆ, ನೋಡಬಾರದೆಂದುಕೊಂಡಿದ್ದ ಜಾಗವನ್ನು, ಅಂದರೆ ಈಗಷ್ಟೇ ಕೂತ ಕಲ್ಲನ್ನು ನೋಡಿದ.

"ಏನಾತು?" ಎಂದ ನಿಂಗರಾಜ.

"ಏನಿಲ್ಲ. ಕಲ್ಲು ಚಂದ ಕುಂತೈತೆ."

ನಿಜ ಹೇಳಬಹುದಿತ್ತು. ಆದರೆ ನಿಂಗರಾಜ ಆ ಸುದ್ದಿಯನ್ನು ಚನ್ನಗಿರಿಯಿಂದ ಜಗಳೂರಿನವರೆಗೆ ಇರುವ ಎಲ್ಲ ಕಲ್ಲುಕುಟಿಗರಿಗೂ ಮುಟ್ಟಿಸುವುದು ಖಂಡಿತ. ಕಲ್ಲು ಕೀಳೋಣವೆಂದರೆ ಗಾರೆ ಹಸಿ, ಮರುಳಸಿದ್ದಪ್ಪನವರು ಬರುವ ಹೊತ್ತಿಗೆ ಗೋಡೆ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ. 'ಹಳೇ ಫೋನು, ಹೋದರೆ ಹೋಗಲಿ. ಮನೆಗೆ ನನ್ನ ಕಾಣಿಕೆ' ಎಂದು ಅವನು ಮನಸ್ಸು ಗಟ್ಟಿಮಾಡಿಕೊಂಡ. ಮನಸ್ಸು ಗಟ್ಟಿಯಾಗುತ್ತಿದ್ದ ಹಾಗೇ ಗೋಡೆ ಕೂಗಿತು.

"ಕೊಕ್ಕೊಕ್ಕೋ... ಕ್ಕೋ!"

ಉಳಿ, ಸುತ್ತಿಗೆಯ ಸದ್ದಿನಲ್ಲಿ ಅಪ್ಪನಿಗೆ ಬೇರೆ ಯಾವ ರಿಂಗ್‌ಟೋನೂ ಕೇಳುವುದಿಲ್ಲವೆಂದು ಮಗಳು ಸುಮೇರಾ ಹುಂಜದ ಕೂಗು ಹಾಕಿಕೊಟ್ಟಿದ್ದಳು. ಸಾಧಾರಣ ಹುಂಜವಲ್ಲ, ಮೂರು ಓಣಿಗೆ ಕೇಳುವಂಥದ್ದು.

ಎದುರು ಮನೆಯ ಜಗಲಿಯಿಂದ ಕೊಟ್ರಮ್ಮ ಎದ್ದು ನಿಂತಳು. ಎಪ್ಪತ್ತು ದಾಟಿದ ಈ ಮುದುಕಿ, ಗೋಡೆಯ ಮೊದಲ ಕಲ್ಲು ಇಳಿಸಿದ ದಿನದಿಂದ ಜಗಲಿಯ ಮೇಲೆ ಕೂತು ಸಂಬಳವಿಲ್ಲದೆ ಉಸ್ತುವಾರಿ ಮಾಡುತ್ತಿದ್ದಳು. ಗಾರೆಗೆ ಬೆಲ್ಲ ಹಾಕಿದಾಗ "ಗೋಡೆ ಕಟ್ತೀಯೋ, ಪಾಯಸ ಕಾಸ್ತೀಯೋ?" ಎಂದು ಕೇಳಿದವಳು ಅವಳೇ. ಈ ದಿನ ಮಾತ್ರ ಬೆಳಗ್ಗಿಂದ ಅವಳಿಗೆ ಗೋಡೆಯ ಮೇಲೆ ಗಮನವಿರಲಿಲ್ಲ. ಅವಳು ಸಾಕಿದ ಕೆಂಚ ಎಂಬ ಕೆಂಪು ಹುಂಜ ಕಾಣೆಯಾಗಿತ್ತು. ಅದು ಕೂಗದೆ ಅವಳಿಗೆ ಬೆಳಗಾಗದು. ಇವತ್ತು ಬಿಸಿಲು ಮುಖಕ್ಕೆ ಹೊಡೆದ ಮೇಲೆ ಎದ್ದಿದ್ದಳು.

"ಮೇಸ್ತ್ರೀ, ನಮ್ಮ ಕೆಂಚ ಕೂಗಿದಂಗಾತಲ್ಲೋ?"

"ಹಿತ್ತಲ ಕಡೆಯಿಂದ ಕೇಳಿಸ್ತು ಅಜ್ಜೀ" ಎಂದ ಗೌಸ್‌ಪೀರ್, ಏಣಿಯ ಮೇಲಿಂದಲೇ ಕೈ ತೋರಿಸಿ.

ಕೊಟ್ರಮ್ಮ ಹಿತ್ತಲಿಗೆ ಹೋದಳು. ಜ್ಯೋತಿಲಕ್ಷ್ಮಿ ಟೀಚರೂ ಹುಡುಕಲು ಜೊತೆಗೆ ಹೋದರು. ಇಬ್ಬರೂ ಬರಿಗೈಯಲ್ಲಿ ಮರಳಿ ಬರುವುದಕ್ಕೂ ಗೋಡೆ ಇನ್ನೊಮ್ಮೆ ಕೂಗುವುದಕ್ಕೂ ಸರಿಹೋಯಿತು. ಗೌಸ್‌ಪೀರ್ ಜೋರಾಗಿ ಕೆಮ್ಮಿದ. ಹುಂಜದ ಕೂಗನ್ನು ಕೆಮ್ಮಿನಿಂದ ಮುಚ್ಚಲು ಆಗದು ಎನ್ನುವುದು ಅವನಿಗೆ ಆ ದಿನ ಗೊತ್ತಾಯಿತು. ಉಳಿ ತೆಗೆದುಕೊಂಡು ಬೇಡದ ಕಲ್ಲೊಂದನ್ನು ಟಣ್ ಟಣ್ ಎಂದು ಹೊಡೆಯತೊಡಗಿದ. ಹುಂಜ ಅದಕ್ಕೂ ಮೇಲೆ ಕೂಗಿತು. ಅದನ್ನು ಹಾಕಿಸಿದ್ದೇ ಅದಕ್ಕಾಗಿ.

ಕೊಟ್ರಮ್ಮ ಗೋಡೆಗೆ ಕಿವಿಯಿಟ್ಟಳು. ಅವಳ ಮುಖ ಸಿಟ್ಟಿಗೆ ಕೆಂಪಗಾಯಿತು.

"ಅಯ್ಯೋ ಪಾಪೀ! ನನ್ನ ಕೆಂಚನ್ನ ಗೋಡ್ಯಾಗಿಟ್ಟು ಕಟ್ಟೀಯಲ್ಲೋ!"

"ಅಜ್ಜೀ, ಹುಂಜನ್ನ ಯಾರಾದ್ರೂ ಗೋಡ್ಯಾಗೆ ಕಟ್ತಾರಾ?"

"ಬೆಲ್ಲ ಹಾಕೋನು ಹುಂಜನ್ನೂ ಹಾಕ್ತಾನೆ! ತೆಗಿ ಕಲ್ಲನ್ನ!"

ಅಷ್ಟರಲ್ಲಿ ಓಂಕಾರ್ ಅಂಗಡಿ ಬಿಟ್ಟು ಬಂದ. ಬೀದಿಯಲ್ಲಿ ನಾಲ್ಕು ಜನ ಸೇರಿದರೆ ಐದನೆಯವನಾಗಿ ನಿಂತು ಅಭಿಪ್ರಾಯ ಹೇಳದಿದ್ದರೆ ಅವನಿಗೆ ಅನ್ನ ಜೀರ್ಣವಾಗುತ್ತಿರಲಿಲ್ಲ. ಗೋಡೆಗೆ ಬೆರಳಿನಿಂದ ತಟ್ಟಿ, ತಲೆ ಆಡಿಸಿ, "ನೋಡ್ರಿ ಮೇಡಂ, ನಾನು ಮೊದಲೇ ಹೇಳಿದ್ದೆ. ಒಳಗೆ ಟೊಳ್ಳು. ಇಷ್ಟು ವರ್ಷ ಸಿಮೆಂಟ್ ಮಾರೀನಿ, ನಮ್ಮ ಸಿಮೆಂಟಿನ ಗೋಡೆ ಯಾವತ್ತಾದ್ರೂ ಕೂಗಿದ್ದು ಕೇಳೀರಾ?" ಎಂದ.

ಕೇಳಿರಲಿಲ್ಲವೆಂದು ಎಲ್ಲರೂ ಒಪ್ಪಿದರು.

ಜ್ಯೋತಿಲಕ್ಷ್ಮಿ ಟೀಚರ ಮುಖ ಸಣ್ಣದಾಯಿತು. "ಮೇಸ್ತ್ರೀ, ನಿಜ ಹೇಳಿ, ಒಳಗೇನಾದರೂ ಸಿಕ್ಕಿಕೊಂಡಿದೆಯಾ?"

ಟೊಳ್ಳು ಎಂಬ ಮಾತು ಗೌಸ್‌ಪೀರನಿಗೆ ಎದೆಗೆ ಹಾರೆಯಿಂದ ತಿವಿದ ಹಾಗಾಗಿತ್ತು. "ಮೇಡಂ, ಈ ಗೋಡ್ಯಾಗೆ ಇರುವೆ ನುಸುಳಾಕೂ ಜಾಗ ಇಲ್ಲ. ನಮ್ಮಪ್ಪನಾಣೆ. ಒಳಗೆ ಜೀವ ಇರೋದು ಯಾವುದೂ ಇಲ್ಲ" ಎಂದ. ಫೋನಿಗೆ ಜೀವವಿಲ್ಲವಲ್ಲ, ಅದಕ್ಕೇ ಆಣೆ ಸುಳ್ಳಲ್ಲ ಎಂದು ಒಳಗೊಳಗೇ ಲೆಕ್ಕ ಹಾಕಿಕೊಂಡ.

ಗೋಡೆ ಕೂಗಿತು.

ಈ ಹಾಳು ಫೋನು ಮಾಡುತ್ತಿರುವವರು ಯಾರು ಎಂದು ಅವನಿಗೆ ಅನುಮಾನವಿರಲಿಲ್ಲ. ಹೆಂಡತಿ ಹಜೀರಾ. ಎತ್ತದಿದ್ದರೆ ಎತ್ತುವವರೆಗೆ ಮಾಡುವವಳು. ಬೇರೆಯವರ ಫೋನಿನಿಂದ 'ಸುಮ್ಮನಿರು ಮಾರಾಯ್ತಿ' ಎಂದು ಹೇಳಿಬಿಡೋಣವೆಂದರೆ ಅವಳ ನಂಬರು ಅವನಿಗೆ ನೆನಪಿಲ್ಲ. ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಹೆಂಡತಿಯ ನಂಬರು ಗೊತ್ತಿದ್ದದ್ದು ಒಂದೇ ಕಡೆ: ಗೋಡೆಯೊಳಗಿದ್ದ ಫೋನಿಗೆ. ಚಾರ್ಜ್ ಮುಗಿಯಲಿ ಎಂದು ಬೇಡಿಕೊಂಡ. ಆದರೆ ಮರುಳಸಿದ್ದಪ್ಪನವರ ಕರೆ ತಪ್ಪಬಾರದೆಂದು ರಾತ್ರಿ ಪೂರ್ತಿ ಚಾರ್ಜಿಗಿಟ್ಟವನೂ ಅವನೇ.

ಊಟದ ಹೊತ್ತಿಗೆ ಜನ ಚದುರಿದರೆ ಸದ್ದಿಲ್ಲದೆ ಕಲ್ಲು ಸರಿಸಿಬಿಡಬಹುದು ಎಂದುಕೊಂಡ. ಜನ ಚದುರಿದರು, ಕೊಟ್ರಮ್ಮ ಚದುರಲಿಲ್ಲ. ರೊಟ್ಟಿ, ಪಲ್ಯವನ್ನು ಗೋಡೆಯ ಬುಡಕ್ಕೇ ತರಿಸಿಕೊಂಡು, ನಡುನಡುವೆ ಚೂರು ರೊಟ್ಟಿಯನ್ನು ಕಲ್ಲಿನ ಸಂದಿಗೆ ತುರುಕುತ್ತ "ತಿನ್ನೋ ನಮ್ಮಪ್ಪಾ, ಹಸ್ಕೊಂಡಿರಬ್ಯಾಡ" ಎನ್ನುತ್ತಿದ್ದಳು. ಅದನ್ನು ನೋಡಿ ಗೌಸ್‌ಪೀರ್ ಬುತ್ತಿಯ ಮುಚ್ಚಳ ಮುಚ್ಚಿದ. ಮುದುಕಿಯ ಮೇಲೆ ಕನಿಕರ ಬಂತು. ಅದರ ಜೊತೆಗೇ ಒಂದು ಉಪಾಯವೂ ಬಂತು. ಕನಿಕರವಷ್ಟೇ ಬಂದಿದ್ದರೆ ಒಳ್ಳೆಯದಿತ್ತು.

ನಿಂಗರಾಜನನ್ನು ಪಕ್ಕಕ್ಕೆ ಕರೆದು, "ಹೊನ್ನಾಳಿ ರಸ್ತೆಯ ಕೋಳಿ ಅಂಗಡಿಗೆ ಹೋಗು. ಕೆಂಪು ಹುಂಜ ಒಂದನ್ನ ತಗೊಂಡು ಬಾ. ಊರಾಚೆ ಸಿಕ್ತು ಅಂತ ಹೇಳಿ ಅಜ್ಜಿ ಕೈಗೆ ಕೊಡು. ಗಲಾಟೆ ಮುಗೀತೈತೆ" ಎಂದ.

"ಗೋಡ್ಯಾಗೆ ಕೂಗ್ತಾ ಇರೋದು ಮತ್ತೇನು?" ಎಂದ ನಿಂಗರಾಜ, ಕಣ್ಣು ಕಿರಿದು ಮಾಡಿ.

"ಅದು... ಗಾಳಿ."

ನಿಂಗರಾಜ ಬಹಳ ಹೊತ್ತು ಮೇಸ್ತ್ರಿಯ ಮುಖವನ್ನೂ ಅಗಲ ಬಾಯಿಯ ಜೇಬನ್ನೂ ನೋಡಿದ. ಬೈಕ್ ಹತ್ತಿದ. ಬೀದಿಯ ತಿರುವಿನಲ್ಲಿ ಅವನ ಹೆಗಲು ಕುಲುಕುತ್ತಿದ್ದದ್ದು ಗೌಸ್‌ಪೀರನಿಗೆ ಕಾಣಿಸಿತು.

ಅವನು ತಂದ ಹುಂಜ ಕೆಂಪಗೇ ಇತ್ತು, ಬಾಲವೂ ಸೊಂಪಾಗಿತ್ತು. "ಅಜ್ಜೀ, ನಿಮ್ಮ ಕೆಂಚ ಬಸ್ ಸ್ಟ್ಯಾಂಡಿನ ಹತ್ರ ತಿರುಗ್ತಾ ಇದ್ದ" ಎಂದು ನಿಂಗರಾಜ ಅದನ್ನು ಮುಂದೆ ಹಿಡಿದ. ಕೊಟ್ರಮ್ಮ ಅದರ ಕೊಕ್ಕು ಹಿಡಿದು, ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ, ಮಗನಿಗೆ ಹೆಣ್ಣು ನೋಡಲು ಬಂದವಳ ಹಾಗೆ ಪರೀಕ್ಷಿಸಿದಳು.

"ಇದಲ್ಲ. ನನ್ನ ಕೆಂಚನ ಮುಖದಾಗೆ ಮರ್ಯಾದೆ ಐತೆ. ಇದು ನೋಡು, ಪುಂಡನಂಗೆ ಗುರಾಯಿಸ್ತೈತೆ."

"ಬಿಸಿಲಿಗೆ ಮುಖ ಬಾಡೈತೆ ಅಜ್ಜೀ..." ಎಂದು ಗೌಸ್‌ಪೀರ್ ಹೇಳುತ್ತಿರುವಾಗಲೇ ಹಜೀರಾ ಮತ್ತೆ ಫೋನ್ ಮಾಡಿದಳು. ಗೋಡೆ ಕೂಗಿತು. ನಿಂಗರಾಜನ ಕಂಕುಳಲ್ಲಿದ್ದ ಹುಂಜ ಕತ್ತೆತ್ತಿ, ಇಂಥ ಸವಾಲನ್ನು ಸುಮ್ಮನೆ ಬಿಡುವುದು ತನ್ನ ಜಾಯಮಾನವಲ್ಲ ಎನ್ನುವಂತೆ ಅದಕ್ಕಿಂತ ಜೋರಾಗಿ ಕೂಗಿತು. ಗೋಡೆ ಪುನಃ ಕೂಗಿತು. ಹುಂಜ ಪುನಃ ಉತ್ತರ ಕೊಟ್ಟಿತು. ಇಬ್ಬರೂ ವಾದಕ್ಕಿಳಿದ ವಕೀಲರ ಹಾಗೆ ಒಬ್ಬರ ಮೇಲೊಬ್ಬರು ಮಾತು ಎತ್ತತೊಡಗಿದರು.

"ಒಂದು ಹುಂಜ ಇನ್ನೊಂದು ಹುಂಜಕ್ಕೆ ಅಲ್ದೆ ಗಾಳಿಗೆ ಉತ್ತರ ಕೊಡ್ತೈತಾ?" ಎಂದ ಓಂಕಾರ್. ಜನ ಹೌದು ಹೌದೆಂದರು. ಯಾರೋ ಪೊಲೀಸರನ್ನು ಕರೆಯಿರಿ ಎಂದರು, ಇನ್ಯಾರೋ ಪಶುವೈದ್ಯರನ್ನು ಎಂದರು. ಕೊಟ್ರಮ್ಮ ಸೆರಗು ಬಿಗಿದು ತಾನೇ ಹಾರೆಗೆ ಕೈ ಹಾಕಿದಳು.

ಆಗ ಬೀದಿಯ ತುದಿಯಲ್ಲಿ ಬಿಳಿ ಕಾರೊಂದು ಬಂದು ನಿಂತಿತು. ಬಿಳಿ ಪಂಚೆ, ದಪ್ಪ ಚಷ್ಮದ ಮರುಳಸಿದ್ದಪ್ಪನವರು ಇಳಿದರು.

"ಇದೇನ್ರೀ, ಗೋಡೆ ನೋಡಾಕೆ ಇಷ್ಟು ಜನ!" ಎಂದು ಅವರು ಖುಷಿಯಿಂದಲೇ ಹತ್ತಿರ ಬಂದರು. ಗೋಡೆಯ ಮೇಲೆ ಅಂಗೈ ಆಡಿಸಿದರು. ದೂರ ನಿಂತು ಒಂದು ಕಣ್ಣು ಮುಚ್ಚಿ ನೇರ ನೋಡಿದರು. "ಚಂದ ಐತೆ. ಭಾಳ ಚಂದ ಐತೆ. ಆದ್ರೆ ಮೇಸ್ತ್ರೀ, ಬೆಳಗ್ಗಿಂದ ಫೋನ್ ಮಾಡ್ತಾ ಇದೀನಿ, ಎತ್ತಲೇ ಇಲ್ವಲ್ರೀ ನೀವು? ನಂಬರ್ ಸರಿ ಐತೋ ಇಲ್ವೋ..." ಎಂದು ಜೇಬಿನಿಂದ ಫೋನ್ ತೆಗೆದರು.

"ಬ್ಯಾಡ ಸಾರ್!" ಎಂದು ಗೌಸ್‌ಪೀರ್ ಎರಡೂ ಕೈ ಚಾಚಿದ.

ಮರುಳಸಿದ್ದಪ್ಪನವರು ಒತ್ತಿಯಾಗಿತ್ತು. ಗೋಡೆ ಕೂಗಿತು. ಅವರು ಬೆಚ್ಚಿ ನಿಲ್ಲಿಸಿದರು. ಗೋಡೆ ಸುಮ್ಮನಾಯಿತು. ಚಷ್ಮ ಸರಿಮಾಡಿಕೊಂಡು ಮತ್ತೆ ಒತ್ತಿದರು. ಗೋಡೆ ಮತ್ತೆ ಕೂಗಿತು. ನೆರೆದವರೆಲ್ಲ ಒಟ್ಟಿಗೇ ಗೌಸ್‌ಪೀರನ ಜೇಬಿನ ಕಡೆ ತಿರುಗಿದರು.

"ಬಿದ್ದೋಗೈತೆ ಸಾರ್" ಎಂದ ಗೌಸ್‌ಪೀರ್, ನೆಲ ನೋಡುತ್ತ. "ಬೆಳಗ್ಗೆ, ಕಲ್ಲು ಕೂರಿಸಬೇಕಾದ್ರೆ. ನಿಮ್ಮ ಫೋನಿಗೇ ಅಂತ ಇಟ್ಕೊಂಡಿದ್ದೆ. ಹೇಳಾಕೆ ನಾಚಿಕೆ ಆತು."

ನಕ್ಕವರಲ್ಲಿ ಮೊದಲಿಗ ನಿಂಗರಾಜ. ಅವನು ನಕ್ಕು ನಕ್ಕು ಮರಳಿನ ರಾಶಿಯ ಮೇಲೆ ಕೂತುಬಿಟ್ಟ. ಆಮೇಲೆ ಬೀದಿಯೇ ನಕ್ಕಿತು. ಮರುಳಸಿದ್ದಪ್ಪನವರು ಚಷ್ಮ ತೆಗೆದು ಕಣ್ಣೊರೆಸಿಕೊಂಡರು. ಕೊಟ್ರಮ್ಮ ಒಬ್ಬಳು ನಗಲಿಲ್ಲ. "ಹಂಗಾದ್ರೆ ನನ್ನ ಕೆಂಚ ಎಲ್ಲಿ?" ಎಂದು ಕೇಳಿದಳು. ಅವಳಿಗೆ ಉತ್ತರ ಹೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ.

"ತೆಗೀರಿ ಮೇಸ್ತ್ರೀ, ನಾನೂ ನೋಡ್ತೀನಿ" ಎಂದರು ಮರುಳಸಿದ್ದಪ್ಪ. "ಗೋಡೆ ಹೊರಗೆ ಎಲ್ರೂ ಚಂದ ಮಾಡ್ತಾರೆ. ಒಳಗೆ ಹೆಂಗೈತೆ ಅಂತ ನೋಡಾಕೆ ಇಂಥ ಅವಕಾಶ ಸಿಗಲ್ಲ."

ನಿಂಗರಾಜ ನಗು ತಡೆದುಕೊಂಡು ಹಾರೆ ಹಿಡಿದ. ಉದ್ದನೆಯ ಕಲ್ಲು ಹೊರಬಂತು. ಏಣಿ ಹತ್ತಿ ಇಣುಕಿದ ಮರುಳಸಿದ್ದಪ್ಪನವರ ಮುಖ ಅರಳಿತು. ಚೂರುಗಲ್ಲುಗಳು ದಾಳಿಂಬೆಯ ಕಾಳಿನ ಹಾಗೆ ಒಂದಕ್ಕೊಂದು ಒತ್ತಿ ಕೂತಿದ್ದವು. "ಯಾರೂ ನೋಡದ ಜಾಗದಾಗೂ ಹಿಂಗೆ ಕಟ್ಟೀರಲ್ರೀ! ಆತು ಬಿಡ್ರಿ, ಛತ್ರದ ಕೆಲಸ ನಿಮ್ಮದೇ. ಫೋನ್ ಒಂದನ್ನ ಮನ್ಯಾಗೆ ಬಿಟ್ಟು ಬರ್ರಿ ಅಷ್ಟೇ."

ಗೌಸ್‌ಪೀರನಿಗೆ ಕಣ್ಣಲ್ಲಿ ನೀರು ಬಂತು. ಟೊಳ್ಳು ಎಂದಿದ್ದ ಓಂಕಾರನ ಕಡೆ ಒಮ್ಮೆ ನೋಡಿದ. ಓಂಕಾರ್ ಅಂಗಡಿಯ ಕಡೆ ನೋಡುತ್ತಿದ್ದ. ಮೇಸ್ತ್ರಿ ಚೂರುಗಲ್ಲುಗಳನ್ನು ಒಂದೊಂದಾಗಿ ಎತ್ತಿ, ಮೊಳಕೈವರೆಗೆ ಕೈ ಇಳಿಸಿ, ಕವರಿನ ಸಮೇತ ಫೋನನ್ನು ಎಳೆದ. ಅದು ಅವನ ಕೈಯಲ್ಲೇ ಕೂಗಿತು.

"ಎಷ್ಟು ಸಲ ಮಾಡೋದು ನಿಮಗೆ?" ಎಂದಳು ಹಜೀರಾ. "ಎತ್ತಲಿಲ್ಲ ಅಂತ ಗಾಬರಿಯಾಗಿ ಮಾಡ್ತಾನೇ ಇದೀನಿ."

"ಮೊದಲನೇ ಸಲ ಯಾಕೆ ಮಾಡಿದ್ದೆ?"

"ಅದು ಮರೆತೇ ಹೋಯ್ತು ನೋಡಿ."

ಅಷ್ಟಕ್ಕೆ, ಬೆಳಗ್ಗಿಂದ ಕೂಗಿ ಕೂಗಿ ಚಾರ್ಜ್ ಮುಗಿದ ಫೋನು ಕಣ್ಣು ಮುಚ್ಚಿತು. ಗೌಸ್‌ಪೀರ್ ಹಗುರವಾಗಿ ನಕ್ಕು, ಸತ್ತ ಫೋನನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ಕೊಕ್ಕೊಕ್ಕೋ... ಕ್ಕೋ!" ಎಂದು ಗೋಡೆ ಕೂಗಿತು.

ಜನ ನಿಂಗರಾಜನ ಕಂಕುಳಿನ ಹುಂಜವನ್ನು ನೋಡಿದರು. ಅದು ಬಾಯಿ ಮುಚ್ಚಿಕೊಂಡು ಗೋಡೆಯನ್ನೇ ನೋಡುತ್ತಿತ್ತು.

ಗೌಸ್‌ಪೀರ್ ಮತ್ತೆ ಸಂದಿಯೊಳಗೆ ಇಣುಕಿದ. ಅದರ ಪಕ್ಕದಲ್ಲೇ, ಬಾಗಿಲ ಬದಿಯ ಗೋಡೆಯೊಳಗೆ, ಟೀಚರ ಮುತ್ತಜ್ಜನ ಕಾಲದವರು ಕಾಳು ತುಂಬಿಡಲೆಂದು ಬಿಟ್ಟಿದ್ದ ಆಳುದ್ದದ ಆ ಗೂಡಿತ್ತು. ಹಿಂದಿನ ದಿನ ಸಂಜೆ, ಮಬ್ಬು ಕತ್ತಲಿನಲ್ಲಿ, ಮನೆಗೆ ಹೋಗುವ ಅವಸರದಲ್ಲಿ, ಒಳಗೆ ಇಣುಕಿಯೂ ನೋಡದೆ ಅದರ ಬಾಯಿಗೆ ಚಪ್ಪಡಿ ಎಳೆದು ಅವನೂ ನಿಂಗರಾಜನೂ ಹೊರಟಿದ್ದರು. ಹುಂಜಗಳು ಮಲಗಲು ಮೂಲೆ ಹುಡುಕುವುದೂ ಅದೇ ಹೊತ್ತಿನಲ್ಲಿ. ಒಳಗಿನ ಕಗ್ಗತ್ತಲಲ್ಲಿ ಕೆಂಚನಿಗೆ ಬೆಳಗಾಗಿಯೇ ಇರಲಿಲ್ಲ. ಈಗ ಚೂರುಗಲ್ಲು ತೆಗೆದ ಸಂದಿಯಿಂದ ಬಿಸಿಲಿನ ಒಂದು ಎಳೆ ಒಳಗಿಳಿದಿತ್ತು. ಬೆಳಗಾಯಿತೆಂದು ತಿಳಿದ ಹುಂಜ ತನ್ನ ಕೆಲಸ ತಾನು ಮಾಡಿತ್ತು.

"ನಾನು ಹೇಳಲಿಲ್ವಾ!" ಎಂದು ಕೊಟ್ರಮ್ಮ ಚೀರಿದಳು. "ಬೆಳಗ್ಗಿಂದ ಬಡ್ಕೋತಾ ಇದೀನಿ, ನಾನು ಹೇಳಲಿಲ್ವಾ!"

ಚಪ್ಪಡಿ ಎತ್ತಬೇಕೆಂದರೆ ಅದರ ಮೇಲಿನ ವರಸೆ ಪೂರ್ತಿ ಇಳಿಸಬೇಕಿತ್ತು. ಇಳಿಸಿದರು. ಬೀದಿಯವರೆಲ್ಲ ಕೈ ಹಾಕಿದರು. ಓಂಕಾರ್ ಎಲ್ಲರಿಗಿಂತ ಹುರುಪಿನಿಂದ ಹಾಕಿದ. ಗೋಡೆಯ ತಲೆ ಬೋಳಾದ ಮೇಲೆ, ಮೈತುಂಬ ಸುಣ್ಣ ಮೆತ್ತಿಕೊಂಡು ಕೊಕ್ಕರೆಯಷ್ಟು ಬೆಳ್ಳಗಾಗಿದ್ದ ಕೆಂಚ ಹೊರಗೆ ಹಾರಿತು. ಒಂದು ಸಲ ಮೈ ಕೊಡವಿ ಮರುಳಸಿದ್ದಪ್ಪನವರ ಪಂಚೆಗೆ ಸುಣ್ಣ ಹೊಡೆಯಿತು, ಅಂಗಡಿಯ ಹುಂಜವನ್ನು ನೋಡಿ ಮರ್ಯಾದೆಯಿಂದ ಮುಖ ತಿರುಗಿಸಿ, ಕೊಟ್ರಮ್ಮನ ಮಡಿಲು ಸೇರಿತು.

"ಪಾಪ, ಪ್ರಾಣಕ್ಕೇನೂ ಆಗಿಲ್ಲ" ಎಂದರು ಜ್ಯೋತಿಲಕ್ಷ್ಮಿ ಟೀಚರು. ಆಮೇಲೆ ಬೋಳು ಗೋಡೆಯನ್ನು ನೋಡಿ, "ಇದನ್ನು ಮೊದಲಿಂದ ಕಟ್ಟಿಕೊಡುತ್ತೀರಲ್ಲ, ಮೇಸ್ತ್ರೀ?" ಎಂದು ಸಣ್ಣ ದನಿಯಲ್ಲಿ ಕೇಳಿದರು.

ಗೌಸ್‌ಪೀರ್ ತಲೆಯಾಡಿಸಿ, ಕಾರಿನ ಕಡೆ ಹೊರಟಿದ್ದ ಮರುಳಸಿದ್ದಪ್ಪನವರ ಹಿಂದೆ ಓಡಿದ. "ಸಾರ್, ಕೆಲಸದಾಗೆ ತಪ್ಪಿಲ್ಲ ಸಾರ್! ನೀವೇ ನೋಡಿದ್ರಲ್ಲ, ಒಳಗೆ ಹೆಂಗೆ ತುಂಬೀನಿ ಅಂತ!"

"ನೋಡ್ದೆ, ನೋಡ್ದೆ" ಎಂದರು ಮರುಳಸಿದ್ದಪ್ಪ. ಪಂಚೆಯ ಸುಣ್ಣ ಕೊಡವಿಕೊಂಡು ಕಾರಿನ ಬಾಗಿಲು ತೆಗೆದರು. ಸಿಟ್ಟಿರಲಿಲ್ಲ, ದನಿಯಲ್ಲಿ ನಿಜವಾದ ಮರುಕವೇ ಇತ್ತು. "ಕೆಲಸ ಬಂಗಾರದಂಥದು. ಆದ್ರೆ ನಮ್ಮದು ಛತ್ರ ರೀ ಮೇಸ್ತ್ರೀ. ಗೋಡೆ ಕಟ್ಟೋವಾಗ್ಲೂ ರಾತ್ರಿ ನೂರಾರು ಜನ ಅಲ್ಲಲ್ಲೇ ಮಲಗ್ತಾರೆ. ಬೆಳಗ್ಗೆ ಎಷ್ಟು ಜನ ಎದ್ದು ಹೊರಗೆ ಬಂದ್ರು ಅಂತ ದಿನಾ ಎಣಿಸಾಕೆ ನಮ್ಮ ಹತ್ರ ಆಳಿಲ್ಲ."